ರ‍್ಯಾಂಪ್ ಲಕ್ಷಣ ದೀಪಿಕೆ, ಅಥವಾ ಗಡಿಸೀಮೆಯ ಜೀನ್ಸಿನ ನಡಿಗೆಯನ್ನು ಕುರಿತ ಬಹುಶಿಸ್ತೀಯ ಪೂರ್ವಪೀಠಿಕೆ

ಪೀಠಿಕಾ ಪ್ರಕರಣ

ಯಾವ ಶಾಸ್ತ್ರಕ್ಕೆ ಕೈಹಾಕಿದರೂ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಹಿರಿಯರು ಕಟ್ಟು ಮಾಡಿದ್ದಾರೆ. ಹೇಳುತ್ತೇನೆ. ವಿಷಯ: ಒಬ್ಬರು ಹೊಸ ಬಟ್ಟೆ ತೊಟ್ಟು, ಎತ್ತರದ ಹಲಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಹೋಗಿ, ಅಲ್ಲಿ ಏನೂ ಕೆಲಸವಿಲ್ಲದೆ ವಾಪಸು ಬರುವುದು. ಪ್ರಯೋಜನ: ಹುಡುಕುತ್ತಿದ್ದೇವೆ. ಸಂಬಂಧ: ಆ ಬಟ್ಟೆಗೂ ನಮ್ಮ ರಾಯದುರ್ಗಕ್ಕೂ ಇರುವುದು; ಮುಂದೆ ತಿಳಿಯುತ್ತದೆ. ಅಧಿಕಾರಿ, ಎಂದರೆ ಇದನ್ನು ಓದಲು ಯೋಗ್ಯತೆಯುಳ್ಳವನು: ಸರ್ಕಾರಕ್ಕೆ ತೆಲುಗಿನಲ್ಲಿ ಅರ್ಜಿ ಬರೆದು, ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳಿ, ಬಳ್ಳಾರಿಯಲ್ಲಿ ಹಲ್ಲು ಕೀಳಿಸಿಕೊಂಡು, ಬೆಂಗಳೂರಿನಲ್ಲಿ ‘ನೀವು ಯಾವ ಕಡೆಯವರು?’ ಎಂದು ಕೇಳಿಸಿಕೊಂಡವನು. ಅಂಥವರು ಸಿಗದಿದ್ದರೆ ಯಾರು ಓದಿದರೂ ಅಡ್ಡಿಯಿಲ್ಲ.

ಇನ್ನು ಗ್ರಂಥಕರ್ತನ ವಿಚಾರ. ಮಡಕಶಿರಾ ಕಡೆಯ ಹಳ್ಳಿಗಳಲ್ಲೂ ಆಮೇಲೆ ರಾಯದುರ್ಗದಲ್ಲೂ ಕನ್ನಡ ಮೇಷ್ಟ್ರಾಗಿದ್ದು ರಿಟೈರ್ ಆದ ನನಗೆ ಈ ಶಾಸ್ತ್ರದಲ್ಲಿ ಇರುವ ಅರ್ಹತೆ ಒಂದೇ ಒಂದು ಪಾಸು. ತಂಗಿಯ ಮಗಳು ಬೆಂಗಳೂರಿನಲ್ಲಿ ಫ್ಯಾಶನ್ ಡಿಸೈನ್ ಓದುತ್ತಾಳೆ. ‘ಮಾವಾ, ಇಲ್ಲಿ ಫ್ಯಾಶನ್ ವೀಕ್ ನಡದೈತಿ, ಎರಡು ಪಾಸ್ ಸಿಕ್ಕಾವು, ಬರ್ತೀಯೇನು?’ ಎಂದು ಫೋನ್ ಮಾಡಿದಳು. ವೀಕ್ ಎಂದರೆ ವಾರ. ವಾರ ಎಂದರೆ ನಮ್ಮ ಕಡೆ ಸಂತೆ. ಸಂತೆಯೆಂದುಕೊಂಡೇ ಹೋದೆ. ಕೈಯಲ್ಲಿ ಚೀಲವೂ ಇತ್ತು. ಬಾಗಿಲಲ್ಲಿ ಅದನ್ನು ಇಸಿದುಕೊಂಡು ಟೋಕನ್ ಕೊಟ್ಟರು.

ದೊಡ್ಡ ಹೋಟೆಲಿನ ಹಾಲು, ಒಳಗೆ ಕತ್ತಲೆ, ಮೈ ನಡುಗುವಷ್ಟು ಎಸಿ. ಕುರ್ಚಿಯ ಮೇಲೆ ಒಂದು ಕಾಗದ ಇಟ್ಟಿದ್ದರು, ಮದುವೆ ಪತ್ರಿಕೆಗಿಂತ ದಪ್ಪ. ಅದಕ್ಕೆ ಕಾನ್ಸೆಪ್ಟ್ ನೋಟ್ ಎನ್ನುತ್ತಾರಂತೆ. ಹುಡುಗಿ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತ ಹೋದಳು: ಗಡಿಯ ದ್ರವತೆ, ಅಂಚಿನ ದೇಹಗಳು, ಹರಿದುದರ ರಾಜಕಾರಣ, ಅನಾಮಿಕ ಕೈಗಳ ಸಂಕಥನ. ನನಗೆ ಪುಳಕವಾಯಿತು. ಇವು ಹೊಸಬರಲ್ಲ, ಹಳೆಯ ನೆಂಟರು! ಗಡಿನಾಡ ಕನ್ನಡದ ವಿಚಾರಸಂಕಿರಣಗಳಲ್ಲಿ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ರಾತ್ರಿ ಹತ್ತರ ಬಸ್ಸಿಗೆ ಬಿಟ್ಟುಹೋದವು ಇವೇ ಮಾತುಗಳು. ಆದಕಾರಣ ಅದೇ ಪರಿಭಾಷೆಯಲ್ಲಿ, ಸೂತ್ರ, ವೃತ್ತಿ, ಟಿಪ್ಪಣಿಗಳ ಸಮೇತ, ಈ ದೀಪಿಕೆಯನ್ನು ಹಚ್ಚಿದ್ದೇನೆ. ಗಾಳಿ ಬೀಸಿದರೆ ಆರಬಹುದು.

ಮುಖಲಕ್ಷಣ ಪ್ರಕರಣ

ಸೂತ್ರ 1: ನಡೆವವರು ನಗರು.

ವೃತ್ತಿ: ಭರತಮುನಿಯ ರಸಗಳು ಎಂಟು, ಆಮೇಲಿನವರು ಶಾಂತವನ್ನು ಸೇರಿಸಿ ಒಂಬತ್ತು ಮಾಡಿದರು. ರ‍್ಯಾಂಪಿನ ಮೇಲೆ ಬರುವವರ ಮುಖದಲ್ಲಿ ಈ ಒಂಬತ್ತರಲ್ಲಿ ಒಂದೂ ಇಲ್ಲ. ಶಾಂತವಲ್ಲವೇ ಎಂದು ಪೂರ್ವಪಕ್ಷ. ಅಲ್ಲ. ಶಾಂತದಲ್ಲಿ ತೃಪ್ತಿಯಿರುತ್ತದೆ, ಈ ಮುಖದಲ್ಲಿ ಇರುವುದು ಬೇರೆ. ಕಲ್ಯಾಣದುರ್ಗದ ಕೊನೇ ಬಸ್ಸು ಈಗಷ್ಟೇ ಹೋಯಿತೆಂದು ಕಂಟ್ರೋಲರ್ ಹೇಳಿದಾಗ ಬಸ್‌ಸ್ಟ್ಯಾಂಡಿನಲ್ಲಿ ನಿಂತವನ ಮುಖದಲ್ಲಿ ಮೂಡುವ ಸ್ಥಾಯೀಭಾವ ಅದು. ಇದನ್ನು ‘ಗತಬಸ್ಸು ರಸ’ ಎಂದು ಕರೆದು ಹತ್ತನೆಯದಾಗಿ ಸೇರಿಸಬೇಕೆಂದು ಸಿದ್ಧಾಂತ.

ಟಿಪ್ಪಣಿ: ‘ಅವರು ಯಾಕೆ ನಗೋದಿಲ್ಲ?’ ಎಂದು ಹುಡುಗಿಯನ್ನು ಕೇಳಿದೆ. ‘ನಕ್ಕರೆ ಮುಖ ನೋಡ್ತಾರೆ ಮಾವಾ, ಬಟ್ಟೆ ನೋಡೋದಿಲ್ಲ’ ಅಂದಳು. ಇದು ಶಾಸ್ತ್ರಕ್ಕಿಂತ ಚೆನ್ನಾಗಿದೆ. ಆದರೆ ಒಂದೇ ವಾಕ್ಯದಲ್ಲಿ ಮುಗಿಯುವುದರಿಂದ ಶಾಸ್ತ್ರವೆನ್ನಲು ಬರುವುದಿಲ್ಲ.

ಗತಿಭೇದ ಪ್ರಕರಣ

ಸೂತ್ರ 2: ಗತಿಗಳು ಹದಿನಾಲ್ಕು.

ವೃತ್ತಿ: ಮೊದಲನೆಯದು ಶೇಂಗಾಗತಿ. ಶೇಂಗಾ ಕಿತ್ತ ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರಂತೆ ಪಾದವನ್ನು ಎತ್ತೆತ್ತಿ ಇಡುವುದು. ಅನಂತಪುರ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಇದನ್ನು ಕಲಿಸಬೇಕಿಲ್ಲ. ಎರಡನೆಯದು ಬಾಕಿಗತಿ. ಉದ್ರಿ ಹೇಳಿದ ಕಿರಾಣಿ ಅಂಗಡಿಯ ಮುಂದೆ ಹಾಯುವಾಗ ಕತ್ತು ಬಿಗಿಹಿಡಿದು, ಕಣ್ಣನ್ನು ದೂರದ ಬೆಟ್ಟದ ಮೇಲಿಟ್ಟು, ಬೇಗ ಬೇಗ ದಾಟುವುದು. ಮೂರನೆಯದು ಒಲೆಗತಿ. ಆ ತುದಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತು, ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಬಂದದ್ದು ಥಟ್ಟನೆ ನೆನಪಾಗಿ ತಿರುಗುವುದು. ನಾಲ್ಕನೆಯದು ಜೋಡಿಗತಿ, ಇಬ್ಬರು ಎದುರುಬದುರಾಗಿ ಬಂದು, ಗುರುತೇ ಇಲ್ಲದವರಂತೆ ಹಾದುಹೋಗುವುದು. ಮನೆ ಪಾಲಾದ ಅಣ್ಣತಮ್ಮಂದಿರಲ್ಲಿ ಇದರ ಶುದ್ಧರೂಪ ಸಿಗುತ್ತದೆ. ಐದನೆಯದು...

ಉಳಿದವನ್ನು ಓದುಗರೇ ಮಾಡಿಕೊಳ್ಳಲಿ. ಹದಿನಾಲ್ಕು ಎಂದು ಮೊದಲು ಬರೆದುಬಿಟ್ಟದ್ದು ತಪ್ಪಾಯಿತು. ನಮ್ಮಲ್ಲಿ ಬಹಳ ಗ್ರಂಥಗಳು ಹೀಗೇ ಹುಟ್ಟಿರಬೇಕೆಂದು ಅನುಮಾನ.

ಲೇಬಲ್ ಪ್ರಕರಣ

ಸೂತ್ರ 3: ಬಟ್ಟೆ ಹೊಲಿದವನದಲ್ಲ, ಹೆಸರು ಹೊಲಿದವನದು.

ವೃತ್ತಿ: ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷಿನವನು 1858ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದ. ಬಟ್ಟೆಯನ್ನು ಮರದ ಬೊಂಬೆಗೆ ಹಾಕಿ ತೋರಿಸುವ ಬದಲು ಜೀವಂತ ಹೆಂಗಸರಿಗೆ ಉಡಿಸಿ ಗಿರಾಕಿಗಳ ಮುಂದೆ ನಡೆಸಿದ. ಆದಕಾರಣ ಅವನು ಈ ಶಾಸ್ತ್ರದ ಆದಿಪುರುಷ. ಅವನೇ ಮತ್ತೊಂದು ಕೆಲಸವನ್ನೂ ಮಾಡಿದ: ತನ್ನ ಹೆಸರಿನ ಚೂರೊಂದನ್ನು ಉಡುಪಿನ ಒಳಗೆ ಹೊಲಿಸಿದ. ಚಿತ್ರಕಾರ ಚಿತ್ರದ ಮೂಲೆಯಲ್ಲಿ ಸಹಿ ಹಾಕುತ್ತಾನಲ್ಲ, ಹಾಗೆ. ಆ ಚೂರನ್ನು ಅಲ್ಲಿ ಕೂರಿಸಿ ಹೊಲಿದ ಹೆಂಗಸಿನ ಹೆಸರು ಎಲ್ಲೂ ಇಲ್ಲ. 1943ರಲ್ಲಿ ಯುದ್ಧದಿಂದಾಗಿ ಪ್ಯಾರಿಸ್ಸಿಗೆ ಹೋಗಲಾರದ ಅಮೆರಿಕದ ಪತ್ರಕರ್ತರಿಗಾಗಿ ಎಲೀನರ್ ಲ್ಯಾಂಬರ್ಟ್ ಎಂಬಾಕೆ ನ್ಯೂಯಾರ್ಕಿನಲ್ಲಿ ‘ಪ್ರೆಸ್ ವೀಕ್’ ಮಾಡಿದಳು. ಸಂತೆ ಅಲ್ಲಿಂದ ವಾರವಾಯಿತು. ನಮ್ಮ ದೇಶಕ್ಕೆ ಅದು 2000ದಲ್ಲಿ ದೆಹಲಿಯಲ್ಲಿ ಇಳಿಯಿತು, ಬೆಂಗಳೂರಿಗೆ 2009ರಲ್ಲಿ.

ಪೂರ್ವಪಕ್ಷ: ಹಾಗಾದರೆ ನಮ್ಮ ಸೀಮೆಯಲ್ಲಿ ಇದರ ಪ್ರಾಚೀನತೆ ಇಲ್ಲವೇ?

ಸಿದ್ಧಾಂತ: ಇಲ್ಲದೆ ಏನು, ಪ್ರಾಚೀನತೆ ಇಲ್ಲದ ಯಾವ ವಸ್ತು ನಮ್ಮಲ್ಲಿದೆ! ಮಡಕಶಿರಾದಿಂದ ಹಿಂದೂಪುರಕ್ಕೆ ಹೋಗಿ, ಅಲ್ಲಿಂದ ಲೇಪಾಕ್ಷಿಗೆ ಬನ್ನಿ. ಅಚ್ಯುತರಾಯನ ಕಾಲದಲ್ಲಿ, ಎಂದರೆ 16ನೇ ಶತಮಾನದಲ್ಲಿ, ವಿರೂಪಣ್ಣ ಕಟ್ಟಿಸಿದ ವೀರಭದ್ರ ದೇವಸ್ಥಾನದ ಮಂಟಪದಲ್ಲಿ ತಲೆಯೆತ್ತಿ ನೋಡಿ. ಮಾಳಿಗೆಯ ಒಳಮೈಯ ಚಿತ್ರಗಳಲ್ಲಿ ಹೆಂಗಸರು ಸಾಲಾಗಿ ನಿಂತಿದ್ದಾರೆ. ಒಬ್ಬಳ ಸೀರೆ ಇನ್ನೊಬ್ಬಳದಂತಿಲ್ಲ: ಚೌಕಳಿ, ಪಟ್ಟೆ, ಹೂವು, ಹಂಸ, ಅಗಲ ಅಂಚು, ಕಿರಿ ಅಂಚು. ಗಂಡಸರ ತಲೆಯ ಮೇಲೆ ಉದ್ದನೆಯ ಕುಲಾವಿ. ವರ್ತನಿಗಿಂತ ಮುನ್ನೂರು ವರ್ಷ ಹಿಂದಿನ ರ‍್ಯಾಂಪ್ ಇದು, ಅದೂ ತಲೆಕೆಳಗಾದದ್ದು. ಮಾಡೆಲ್‌ಗಳು ಮಾಳಿಗೆಯಲ್ಲಿ, ನೋಡುವವರು ನೆಲದಲ್ಲಿ. ಮುಂದಿನ ಸಾಲಿಗೆ ಪಾಸು ಬೇಕಿಲ್ಲ, ಕತ್ತು ನೋಯಬೇಕು ಅಷ್ಟೇ. ವಿರೂಪಣ್ಣನ ಹೆಸರು ಉಳಿದಿದೆ. ಆ ಸೀರೆಗಳನ್ನು ಎಲ್ಲೋ ಕಣ್ಣಾರೆ ಕಂಡು, ನೆನಪಿಟ್ಟುಕೊಂಡು, ಅಂಗಾತ ಮಲಗಿಯೋ ಕತ್ತು ಮುರಿದುಕೊಂಡೋ ಬರೆದವನ ಹೆಸರನ್ನು ಯಾರೂ ಹೊಲಿದಿಟ್ಟಿಲ್ಲ. ನೇಯ್ದವನದಂತೂ ಕೇಳುವುದೇ ಬೇಡ.

ಉಪಸೂತ್ರ: ಕಂಬಗಳೂ ನಡೆಯುತ್ತವೆ.

ವೃತ್ತಿ: ಮಡಕಶಿರಾ ಸೀಮೆಯ ಅಮರಾಪುರದ ಹತ್ತಿರ ಹೇಮಾವತಿ ಎಂಬ ಹಳ್ಳಿ. ನೊಳಂಬರ ರಾಜಧಾನಿ ಹೆಂಜೇರು ಎಂದರೆ ಇದೇ. ಅಲ್ಲಿಯ ಕಪ್ಪುಕಲ್ಲಿನ ಕಂಬಗಳ ಕೆತ್ತನೆಯನ್ನು ನೋಡಿದರೆ ಕಲ್ಲಿನ ಮೇಲೆ ಕಸೂತಿ ಹಾಕಿದ್ದಾರೆಂದೇ ಅನ್ನಬೇಕು. ಚೋಳರು ದಂಡೆತ್ತಿ ಬಂದಾಗ ಕಂಬಗಳು ಅವರ ಕಣ್ಣಿಗೆ ಬಿದ್ದವು. ಕಿತ್ತು ಕಾವೇರಿ ದಡದ ತಿರುವೈಯಾರಿಗೆ ಸಾಗಿಸಿ ಅಲ್ಲಿನ ದೇವಸ್ಥಾನಕ್ಕೆ ನಿಲ್ಲಿಸಿಕೊಂಡರು. ನಮ್ಮ ಸೀಮೆಯಿಂದ ಹೊರದೇಶಕ್ಕೆ ನಡೆದುಹೋದ ಮೊದಲ ಮಾಡೆಲ್‌ಗಳು ಇವೇ. ಇನ್ನು ಕೆಲವು ಮೂರ್ತಿಗಳು ಮದ್ರಾಸಿನ ಮ್ಯೂಸಿಯಮ್ಮಿಗೆ ಹೋದವು. ಅವುಗಳ ಮುಖದಲ್ಲಿ ಮಾತ್ರ ಗತಬಸ್ಸು ರಸವಿಲ್ಲ, ಸಣ್ಣಗೆ ನಗುತ್ತಿವೆ.

ಟಿಪ್ಪಣಿ: ಊರಿಗೂ ಲೇಬಲ್ ಬದಲಾಗುತ್ತದೆ. ಮಡಕಶಿರಾ ಬಳ್ಳಾರಿ ಜಿಲ್ಲೆಯಲ್ಲಿತ್ತು. 1882ರಲ್ಲಿ ಅನಂತಪುರ ಜಿಲ್ಲೆ ಆದಾಗ ಅದಕ್ಕೆ ಹೋಯಿತು. 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ. ರಾಯದುರ್ಗ 1953ರ ಸೆಪ್ಟೆಂಬರ್ 30ರ ರಾತ್ರಿ ಬಳ್ಳಾರಿ ಜಿಲ್ಲೆಯಲ್ಲಿ ಮಲಗಿ, ಅಕ್ಟೋಬರ್ 1ರ ಬೆಳಿಗ್ಗೆ ಆದೋನಿ, ಆಲೂರಿನ ಜೊತೆ ಆಂಧ್ರದಲ್ಲಿ ಎದ್ದಿತು. ಒಳಗಿನ ಬಟ್ಟೆ ಅದೇ, ಹೊಲಿಗೆ ಅದೇ. ಹಿಂದಿನ ಪಟ್ಟಿಯ ಮೇಲಿನ ಚೂರು ಬಿಚ್ಚಿ ಬೇರೆ ಹಾಕಿದರು, ಅಷ್ಟೇ. ನಮ್ಮಪ್ಪ ಸಾಯುವವರೆಗೂ ಬಳ್ಳಾರಿಗೆ ಹೊರಟಾಗ ‘ಜಿಲ್ಲಾಕ್ಕೆ ಹೋಗಿಬರ್ತೀನಿ’ ಎನ್ನುತ್ತಿದ್ದ.

ಛಿದ್ರ ಪ್ರಕರಣ

ಸೂತ್ರ 4: ಹರಿಯದಂತೆ ಹೊಲಿದುದನ್ನು ಹರಿದರೆ ಬೆಲೆ ಹೆಚ್ಚು.

ವೃತ್ತಿ: ಅಂದಿನ ಪ್ರದರ್ಶನದ ವಸ್ತು ಜೀನ್ಸು. ಮೊಣಕಾಲಲ್ಲಿ ಹರಿದದ್ದು, ತೊಡೆಯಲ್ಲಿ ಹರಿದದ್ದು, ಹಿಂದೆ ಜೇಬು ಕಿತ್ತು ದಾರ ನೇತಾಡುವುದು. ಒಬ್ಬ ಹುಡುಗನ ಪ್ಯಾಂಟಿನಲ್ಲಿ ಬಟ್ಟೆಗಿಂತ ಕಾಲೇ ಹೆಚ್ಚು ಕಾಣುತ್ತಿತ್ತು. ಜನ ಚಪ್ಪಾಳೆ ತಟ್ಟಿದರು.

ಈ ಪ್ಯಾಂಟಿನ ಹುಟ್ಟನ್ನು ಸ್ವಲ್ಪ ಹೇಳಬೇಕು. ಅಮೆರಿಕದ ರೀನೋ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದ. ಕೂಲಿಯವರ ಪ್ಯಾಂಟಿನ ಜೇಬು ಪದೇ ಪದೇ ಕಿತ್ತುಬರುತ್ತದೆ ಎಂಬ ತಕರಾರು. ಮೂಲೆಗೊಂದು ತಾಮ್ರದ ರಿವೆಟ್ ಹೊಡೆದ. ಕಿತ್ತುಬರಲಿಲ್ಲ. ಪೇಟೆಂಟ್ ಮಾಡಿಸಲು ಕೈಯಲ್ಲಿ ದುಡ್ಡಿರಲಿಲ್ಲ. ಬಟ್ಟೆ ಕೊಡುತ್ತಿದ್ದ ಸಾಹುಕಾರನಿಗೆ ಕಾಗದ ಬರೆದ. 1873ರ ಮೇ 20ರಂದು ಇಬ್ಬರ ಹೆಸರಿನಲ್ಲೂ ಪೇಟೆಂಟ್ ಆಯಿತು. ಆ ಸಾಹುಕಾರನ ಹೆಸರು ಲೀವೈ ಸ್ಟ್ರಾಸ್. ಇವತ್ತು ಜಗತ್ತಿನಲ್ಲಿ ಯಾರ ಸೊಂಟದ ಹಿಂದೆ ಬೇಕಾದರೂ ನೋಡಿ, ಯಾರ ಹೆಸರಿದೆ? ದರ್ಜಿಯದು ಇಲ್ಲ. ಸೂತ್ರ 3ನ್ನು ಇಲ್ಲಿಗೂ ಅನ್ವಯಿಸಿಕೊಳ್ಳುವುದು.

ಒಟ್ಟಿನಲ್ಲಿ, ಹರಿಯಬಾರದು ಎಂಬ ಒಂದೇ ಕಾರಣಕ್ಕೆ ಹುಟ್ಟಿದ ಬಟ್ಟೆ ಇದು. ಇನ್ನು ನಮ್ಮ ಕಡೆಗೆ ಬರೋಣ. ಬಳ್ಳಾರಿಗೆ ಮೊದಲ ಮಹಾಯುದ್ಧದ ಕಾಲದಲ್ಲಿ ಸಿಪಾಯಿಗಳ ಯೂನಿಫಾರ್ಮ್ ಹೊಲಿಯಲು ಮರಾಠಿ ಮಾತಾಡುವ ದರ್ಜಿಗಳು ಬಂದರೆಂದೂ, ಯುದ್ಧ ಮುಗಿದ ಮೇಲೂ ಮಷೀನು ನಿಲ್ಲಲಿಲ್ಲವೆಂದೂ ಹೇಳುತ್ತಾರೆ. ಆ ಕಸುಬು ಬೆಳೆದು ಬಳ್ಳಾರಿ ಜೀನ್ಸ್ ಆಯಿತು. ಐವತ್ತು ಕಿಲೋಮೀಟರ್ ಆಸುಪಾಸಿನ ರಾಯದುರ್ಗದಲ್ಲೂ ಅದೇ ಸದ್ದು. ಪಕ್ಕದ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದದ್ದು. ನಮ್ಮ ಊರಿನ ನೇಕಾರರ ಮನೆಗಳಲ್ಲೂ ಮಗ್ಗ ಇದ್ದವು, ಈಗಲೂ ಕೆಲವು ಇವೆ. ಆದರೆ ಗಲ್ಲಿಯಲ್ಲಿ ನಡೆದರೆ ಕಿವಿಗೆ ಮೊದಲು ಬೀಳುವುದು ಲಾಳಿಯ ಸದ್ದಲ್ಲ, ಮೋಟಾರ್ ಮಷೀನಿನ ಗರ್ರ್ ಎನ್ನುವ ಸದ್ದು.

ನನ್ನ ತಂಗಿಯ ಮನೆಯ ಪಡಸಾಲೆಯಲ್ಲಿ ಎರಡು ಮಷೀನು. ಬೆಳಿಗ್ಗೆ ಸಾಹುಕಾರರ ಕಡೆಯ ಹುಡುಗ ಬೈಕಿನ ಮೇಲೆ ಬಂಡಲ್ ತಂದು ಹಾಕುತ್ತಾನೆ. ಕಟಿಂಗ್ ಮಾಸ್ಟರ್ ಕತ್ತರಿಸಿ, ಸೈಜಿಗೊಂದು ಚೀಟಿ ಅಂಟಿಸಿ, ಬಟ್ಟೆಯ ಚೂರಿನಲ್ಲೇ ಕಟ್ಟಿರುತ್ತಾನೆ. ಇವಳ ಪಾಲಿಗೆ ಬರುವುದು ಜೇಬು. ಅದರ ಒಳಚೀಲಕ್ಕೆ ಬಿಳಿ ಬಟ್ಟೆ. ಕೆಳಗಿನ ಮೂಲೆಗೆ ಬಂದಾಗ ಎಲ್ಲರೂ ಒಂದು ಸಲ ಹಿಂದಕ್ಕೆ ಹೊಲಿದು ದಾರ ಕಡಿಯುತ್ತಾರೆ. ಇವಳು ಮೂರು ಸಲ ಹಿಂದೆ ಮುಂದೆ ಓಡಿಸುತ್ತಾಳೆ. ‘ಅಷ್ಟಕ್ಕೆ ದುಡ್ಡು ಕೊಡ್ತಾರೇನು?’ ಎಂದು ಒಮ್ಮೆ ಕೇಳಿದ್ದೆ. ‘ಇಲ್ಲಣ್ಣಾ. ಚಿಲ್ಲರೆ ಬಿದ್ದುಹೋಗ್ತಾವಲ್ಲ’ ಅಂದಳು. ಎದುರುಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತು ಹೊಲಿದ ಪ್ಯಾಂಟುಗಳ ತುಂಡುದಾರ ಕತ್ತರಿಸುತ್ತಾಳೆ. ಆಕೆಯ ಸೆರಗು, ಮೊಣಕೈ, ಹುಬ್ಬು ಎಲ್ಲ ನೀಲಿ. ಕರೆಂಟು ಹೋದರೆ ಓಣಿಗೆ ಓಣಿಯೇ ಸುಮ್ಮನಾಗುತ್ತದೆ. ಆಗ ಮಾತ್ರ ಹಕ್ಕಿಗಳು ಕೇಳಿಸುತ್ತವೆ.

ಅಲ್ಲಿಂದ ಮುಂದೆ ಪ್ಯಾಂಟು ವಾಷಿಂಗಿಗೆ. ಹೊಸ ಬಟ್ಟೆಯನ್ನು ಹಳೆಯದು ಮಾಡುವುದೇ ಒಂದು ವಿದ್ಯೆ. ಕಲ್ಲು ಹಾಕಿ ತಿರುಗಿಸುತ್ತಾರೆ. ಉಜ್ಜುಕಾಗದ ಹಾಕಿ ತಿಕ್ಕುತ್ತಾರೆ. ತೊಡೆಯ ಮೇಲೆ ಬೆಳ್ಳಗಾಗಬೇಕಾದ ಕಡೆಗೆ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ನೀರನ್ನು ಸ್ಪ್ರೇ ಮಾಡುತ್ತಾರೆ. ಮೊದಲು ನೇರಳೆ, ಆಮೇಲೆ ಕಂದು, ತೊಳೆದ ಮೇಲೆ ಬಿಳುಪು. ಮೊಣಕಾಲಿಗೆ ಗ್ರೈಂಡರ್ ಹಿಡಿದರೆ ನೂಲು ಬಿಚ್ಚಿಕೊಳ್ಳುತ್ತದೆ. ಆ ಪುಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಬಾರದು. ಟರ್ಕಿಯಲ್ಲಿ ಜೀನ್ಸಿಗೆ ಮರಳು ಊದಿ ಬಣ್ಣ ತೆಗೆಯುತ್ತಿದ್ದ ಹುಡುಗರಿಗೆ, ಗಣಿಯಲ್ಲಿ ದುಡಿದ ಮುದುಕರಿಗೆ ಬರುವ ಸಿಲಿಕೋಸಿಸ್ ಬಂತು. ಸತ್ತರು. 2009ರಲ್ಲಿ ಆ ದೇಶ ಮರಳು ಊದುವುದನ್ನೇ ನಿಷೇಧ ಮಾಡಿತು. ಅವರು ಊದಿದ್ದು ಯಾಕೆ? ಯಾರೋ ಒಬ್ಬರಿಗೆ, ಕೆಲಸ ಮಾಡದೆಯೇ, ಕೆಲಸ ಮಾಡಿ ಸವೆದವರ ಪ್ಯಾಂಟು ಬೇಕಿತ್ತು. ಅದಕ್ಕೆ.

ಸವಕಲು ಬೇಕಿದ್ದರೆ ನಮ್ಮನ್ನು ಕೇಳಬಹುದಿತ್ತಲ್ಲಾ ಸ್ವಾಮಿ. ಬರಗಾಲಕ್ಕೇ ಹೆಸರಾದ ಜಿಲ್ಲೆ ನಮ್ಮದು. ಮೊಣಕಾಲಲ್ಲಿ ಹರಿದದ್ದು, ಕುಂಡಿಯಲ್ಲಿ ತೇಪೆ ಹಾಕಿದ್ದು, ಅಣ್ಣನದು ತಮ್ಮನಿಗೆ ಇಳಿದು ಕಾಲು ಮಡಚಿದ್ದು, ಎಲ್ಲ ಅಸಲಿ. ನನ್ನ ಕ್ಲಾಸಿನಲ್ಲಿ ಸಾಲಾಗಿ ಕೂತಿರುತ್ತಿತ್ತು. ಚಡ್ಡಿ ಹಿಂದೆ ಹರಿದಿದೆಯೆಂದು ಬೋರ್ಡಿನ ಹತ್ತಿರ ಬರಲೊಲ್ಲದೆ, ಉತ್ತರ ಗೊತ್ತಿದ್ದೂ ‘ಗೊತ್ತಿಲ್ಲ ಸಾರ್’ ಎಂದು ಕೂತಲ್ಲೇ ಹೇಳಿದ ಹುಡುಗನಿಗೆ ನಾನು ಬೈದಿದ್ದೇನೆ. ಆ ಹತ್ತು ಹೆಜ್ಜೆ ಅವನು ನಡೆಯಲಿಲ್ಲ. ಇಲ್ಲಿ ಹರಿದದ್ದು ತೊಟ್ಟು ನಡೆದರೆ ಚಪ್ಪಾಳೆ.

ಸೂತ್ರ 5ನ್ನು ಬರೆದಿದ್ದೆ. ಹೊಡೆದುಹಾಕಿದ್ದೇನೆ.

ನಡಿಗೆ ಮುಗಿದ ಮೇಲೆ ಕೊನೆಗೆ ಡಿಸೈನರ್ ಓಡುತ್ತ ಬಂದು, ಎಲ್ಲರಿಗೂ ಕೈಮುಗಿದು, ಓಡುತ್ತ ಹೋದರು. ಹುಡುಗಿ ಹೇಳಿದಳು, ಅವರು ಪ್ಯಾಂಟು ಹೊಲಿಸುವುದಿಲ್ಲ, ಲೇಬಲ್ಲಿಲ್ಲದ ಲಾಟು ಎತ್ತಿ, ಹರಿದು, ಕಸೂತಿ ಹಾಕಿಸಿ, ತಮ್ಮ ಹೆಸರು ಹೊಲಿಸುತ್ತಾರೆಂದು. ಪಕ್ಕದ ಕೋಣೆಯಲ್ಲಿ ಅವೇ ಪ್ಯಾಂಟುಗಳನ್ನು ತೂಗುಹಾಕಿದ್ದರು. ಬೆಲೆ ಐದಂಕಿ. ಯಾರೂ ನೋಡದಾಗ ಒಂದರ ಜೇಬನ್ನು ಹೊರಕ್ಕೆ ಎಳೆದೆ. ಬಿಳಿ ಚೀಲ, ಕೆಳಗಿನ ಮೂಲೆಯಲ್ಲಿ ಮೂರು ಸಲ ಹಿಂದೆ ಮುಂದೆ ಓಡಿದ ಹೊಲಿಗೆ. ನಮ್ಮ ತಂಗಿಯದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಚಿಲ್ಲರೆಯ ಚಿಂತೆ ಮಾಡುವ ಇನ್ನೊಬ್ಬಳು ಬಳ್ಳಾರಿಯಲ್ಲೂ ಇದ್ದಾಳು. ‘ಸಾರ್, ಪ್ಲೀಸ್, ಮುಟ್ಟಬೇಡಿ’ ಅಂದಿತು ಹಿಂದಿನಿಂದ ಒಂದು ದನಿ. ಕೈ ತೆಗೆದೆ.

ಇದನ್ನೆಲ್ಲ ಕೇಳಿದ ಗೆಳೆಯರೊಬ್ಬರು ‘ಇದು ಜಗತ್ತಿನ ರೀತಿ ಬಿಡಿ ಮೇಷ್ಟ್ರೇ’ ಎಂದರು. ಇರಬಹುದು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ಊರಿನ ರ‍್ಯಾಂಪಿನ ಮೇಲೆ ಪ್ರಾಡಾ ಕಂಪನಿಯವರು ನಮ್ಮ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ನಡೆಸಿದರು. ಹೆಸರು ಬರೀ ‘ಚರ್ಮದ ಸ್ಯಾಂಡಲ್’. ಬೆಲೆ ಲಕ್ಷದ ಮೇಲೆಂದು ಪತ್ರಿಕೆಗಳಲ್ಲಿ ಬಂತು. ಗಲಾಟೆಯಾದ ಮೇಲೆ ಭಾರತದ ಕಸುಬಿನಿಂದ ಸ್ಫೂರ್ತಿ ಪಡೆದದ್ದು ಹೌದೆಂದು ಒಪ್ಪಿಕೊಂಡರು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಎಂಬ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದ್ದು. ಅಥಣಿಯ ಕಡೆ ಚರ್ಮ ಹದ ಮಾಡಿ ಹೊಲಿಯುವವರ ಹೆಸರು ಮಿಲಾನಿನಲ್ಲಿ ಬರಲಿಲ್ಲವೆಂದು ನಾವೆಲ್ಲ ಕೂಗಿದೆವು. ಸರಿಯೇ. ಆದರೆ ‘ಕೊಲ್ಹಾಪುರಿ’ ಎಂದು ನಾವೇ ಕರೆಯುವಾಗ ಅಥಣಿಯ ಹೆಸರು ಎಲ್ಲಿತ್ತು? ಬಳ್ಳಾರಿ ಜೀನ್ಸ್ ಎನ್ನುವಾಗ ರಾಯದುರ್ಗ ಎಲ್ಲಿ? ರಾಯದುರ್ಗ ಎಂದು ನಾನು ಎದೆತಟ್ಟಿಕೊಂಡು ಬರೆಯುತ್ತಿರುವಾಗ ಆ ಕಟ್ಟೆಯ ಮೇಲಿನ ಅಜ್ಜಿ ಎಲ್ಲಿ? ಆಕೆಯ ಹೆಸರು ನನಗೇ ಗೊತ್ತಿಲ್ಲ, ಎಲ್ಲರೂ ‘ದಾರದಜ್ಜಿ’ ಎನ್ನುತ್ತಾರೆ. ಹತ್ತು ವರ್ಷ ಎದುರುಮನೆ. ವಿಚಾರಸಂಕಿರಣದಲ್ಲಿ ‘ಅಂಚಿನ ಅಸ್ಮಿತೆ’ ಎಂದು ಪ್ರಬಂಧ ಓದಿ, ವೇದಿಕೆಯ ಈ ತುದಿಯಿಂದ ಆ ತುದಿಗೆ ಹೋಗಿ ಶಾಲು ಹೊದ್ದು, ಫೋಟೋಕ್ಕೆ ನಿಂತು, ನಗದೆ ವಾಪಸು ಬಂದವನೂ ನಾನೇ.

ಆ ದಪ್ಪ ಕಾಗದವನ್ನು ಊರಿಗೆ ತಂದಿದ್ದೆ. ತಂಗಿ ಬೆರಳಲ್ಲಿ ಮುಟ್ಟಿ ನೋಡಿ, ‘ಚಲೋ ಗಟ್ಟಿ ಐತಲ್ಲಣ್ಣಾ’ ಎಂದು ಇಸಿದುಕೊಂಡು, ಜೇಬಿನ ಅಳತೆಗೆ ಕತ್ತರಿಸಿಕೊಂಡಳು. ಈಗ ಗಡಿಯ ದ್ರವತೆಯ ಸುತ್ತ ಸೀಮೆಸುಣ್ಣದ ಗೆರೆ ಎಳೆದು ಜೇಬಿನ ಅಚ್ಚು ತೆಗೆಯುತ್ತಾಳೆ. ದಿನಾ ಉಪಯೋಗಕ್ಕೆ ಬರುತ್ತಿದೆ. ಪೀಠಿಕೆಯಲ್ಲಿ ಪ್ರಯೋಜನ ಹುಡುಕುತ್ತಿದ್ದೇವೆ ಎಂದಿದ್ದೆ. ಸಿಕ್ಕಿದೆ ಎಂದು ತಿದ್ದಿಕೊಂಡು ಓದುವುದು.

ಓದುಗರಲ್ಲಿ ಒಂದೇ ಅರಿಕೆ. ನಿಮ್ಮ ಮನೆಯಲ್ಲಿ ಹೆಸರಿಲ್ಲದ ಜೀನ್ಸ್ ಪ್ಯಾಂಟು ಇದ್ದರೆ ಜೇಬನ್ನು ಹೊರಕ್ಕೆ ಎಳೆದು ನೋಡಿ. ಬಿಳಿ ಚೀಲದ ಮೂಲೆಯಲ್ಲಿ ಹೊಲಿಗೆ ಮೂರು ಸಲ ಓಡಿದ್ದರೆ, ಚಿಲ್ಲರೆ ಇನ್ನೂ ಬಿದ್ದಿಲ್ಲವೆಂದು ಒಂದು ಕಾರ್ಡು ಹಾಕಿ. ರಾಯದುರ್ಗ, ಅನಂತಪುರ ಜಿಲ್ಲೆ. ವಿಳಾಸ ಕನ್ನಡದಲ್ಲಿ ಬರೆದರೂ ಬರುತ್ತದೆ. ನಮ್ಮ ಪೋಸ್ಟ್‌ಮ್ಯಾನ್ ನನ್ನ ಹಳೇ ವಿದ್ಯಾರ್ಥಿ.